ಮೊದಲ ಆರ್‌ಸಿ (ರಿಮೋಟ್) ವಿಮಾನ: ಡ್ರೋನ್ ಕಿಟ್ ಸಾಮಾನು ಕೈಲಿದೆ, ಮದ್ದೂರು ಕಡೆ ಹಾರಿಸಬೇಕು, ಎಲ್ಲಿಂದ ಶುರು ಮಾಡ್ಲಿ?

ಶಿಂಷಾದಂಡೆ

ಎಲ್ಲರಿಗೂ ನಮಸ್ಕಾರ. ಮದ್ದೂರು ತಾಲ್ಲೂಕು. ರಿಮೋಟ್ ವಿಮಾನ ಹಾರಿಸೋದು ಕಲೀಬೇಕು. ಕಾಲೇಜು ಪ್ರಾಜೆಕ್ಟಿನ ಡ್ರೋನ್ ಬಿಚ್ಚಿಟ್ಟ ಸಾಮಾನು ಇದೆ: ಎ2212 1000 ಕೆವಿ (ಒಂದು ವೋಲ್ಟ್‌ಗೆ ನಿಮಿಷಕ್ಕೆ 1000 ಸುತ್ತು) ಮೋಟಾರ್ ನಾಲ್ಕು, ಮೋಟಾರ್ ವೇಗ ಹಿಡಿತದಲ್ಲಿಡೋ 30 ಆಂಪ್ ಸೈಮನ್‌ಕೆ ಇಎಸ್‌ಸಿ ನಾಲ್ಕು, 1045 (10 ಇಂಚಿನ) ಪ್ರೊಪೆಲ್ಲರ್ ಎರಡು ಜೊತೆ, 3ಎಸ್ (ಮೂರು ಸೆಲ್) 2200 ಎಂಎಎಚ್ ಲಿಪೊ ಬ್ಯಾಟರಿ ಒಂದು, ಫ್ಲೈಸ್ಕೈ ಐ6 ರಿಮೋಟ್, ಅದರದೇ ಐಎ6ಬಿ ರಿಸೀವರ್. ಬಾಲದ ಪಟ್ಟಿಗಳನ್ನು ಆಡಿಸೋ ಸರ್ವೊ ಮೋಟಾರ್ ಇಲ್ಲ, ವಿಮಾನವೂ ಇಲ್ಲ.

ಕೇಳಬೇಕಾಗಿರೋದು ಇಷ್ಟು. ಈ ಮೋಟಾರ್ ವಿಮಾನಕ್ಕೆ ಆಗುತ್ತಾ, ಇಲ್ಲ ಬೇರೆ ತಗೋಬೇಕಾ? ಯುದ್ಧವಿಮಾನದ ಥರ ಕಾಣೋ ಕಿಟ್ ಒಂದು ಆನ್‌ಲೈನ್‌ನಲ್ಲಿ ಸಿಗ್ತಿದೆ, ಅದನ್ನೇ ಮೊದಲು ತಗೊಂಡ್ರೆ ನಡೆಯುತ್ತಾ? ಊರ ಸುತ್ತ ಬರೀ ಕಬ್ಬು, ತೆಂಗು, ಭತ್ತದ ಗದ್ದೆ. ಹಾರಿಸೋಕೆ ಪರ್ಮಿಷನ್ ಬೇಕಾ? ಹೇಳಿಕೊಡೋರು ಹತ್ತಿರದಲ್ಲಿ ಯಾರೂ ಇಲ್ಲ.

ಬದುಮೇಲೆ

ಯುದ್ಧವಿಮಾನದ ಕಿಟ್ ಆಸೆ ಸದ್ಯಕ್ಕೆ ಬಿಡಿ. ಅವುಗಳ ರೆಕ್ಕೆ ಕೆಳಗಿರುತ್ತೆ, ಚಿಕ್ಕದಿರುತ್ತೆ, ಭಾರ ಜಾಸ್ತಿ. ವೇಗ ಒಂಚೂರು ಕಡಿಮೆಯಾದ್ರೂ ಒಂದು ರೆಕ್ಕೆ ಕುಸಿದು ಬೀಳುತ್ತೆ. ಹೊಸಬರಿಗೆ ಬೇಕಾಗಿರೋದು ನೀವು ರಿಮೋಟಿನ ಕಡ್ಡಿಯಿಂದ ಕೈ ತೆಗೆದ್ರೂ ತಾನಾಗೇ ನೇರ ಆಗೋ ವಿಮಾನ. ಅಂದ್ರೆ ರೆಕ್ಕೆ ಮೈಯ ಮೇಲುಗಡೆ ಇರಬೇಕು, ಎರಡೂ ತುದಿ ಮೇಲಕ್ಕೆ ಎದ್ದಿರಬೇಕು, ಮೈ ಹಗುರ ಇರಬೇಕು.

ಮೋಟಾರ್ ಧಾರಾಳವಾಗಿ ಆಗುತ್ತೆ. ಒಂದು ಎ2212 1000 ಕೆವಿ, 3ಎಸ್ ಬ್ಯಾಟರಿ, 1045 ಪ್ರೊಪೆಲ್ಲರ್ ಸೇರಿದ್ರೆ ಸುಮಾರು 800 ಗ್ರಾಂ ಎಳೆತ ಬರುತ್ತೆ. 700–800 ಗ್ರಾಂ ಟ್ರೈನರ್‌ಗೆ, ಅಂದ್ರೆ ಕಲಿಯೋ ವಿಮಾನಕ್ಕೆ, ಅದರಲ್ಲಿ ಅರ್ಧ ಸಿಕ್ಕಿದ್ರೂ ಹಾರಾಡುತ್ತೆ. ಆದ್ರೆ ಡ್ರೋನ್ ಸಾಮಾನಲ್ಲಿ ಮೂರು ತೊಡಕು ಇರುತ್ತೆ, ಮೊದಲೇ ನೋಡಿಕೊಳ್ಳಿ.

ಇಎಸ್‌ಸಿ ಮೇಲೆ ‘ಒಪ್ಟೊ’ ಅಂತ ಬರೆದಿದ್ರೆ ಅದರೊಳಗೆ ಬಿಇಸಿ ಇರಲ್ಲ, ರಿಸೀವರ್‌ಗೂ ಸರ್ವೊಗೂ 5 ವೋಲ್ಟ್ ಬರಲ್ಲ. ‘5ವಿ’ ಅಂತ ಇದ್ರೆ ಸರಿ. ಎರಡನೇದು, ಸೈಮನ್‌ಕೆ ಸಾಫ್ಟ್‌ವೇರ್‌ನಲ್ಲಿ ಬ್ಯಾಟರಿ ಇಳಿದಾಗ ಮೋಟಾರ್ ನಿಲ್ಲಿಸೋ ವ್ಯವಸ್ಥೆ ಇಲ್ಲ. ಲಿಪೊ ಸಾಯೋವರೆಗೂ ಎಳೀತಾನೇ ಇರುತ್ತೆ. ಬ್ಯಾಟರಿಯ ಬ್ಯಾಲೆನ್ಸ್ ಕನೆಕ್ಟರ್‌ಗೆ (ಪ್ರತಿ ಸೆಲ್‌ನ ವೈರ್ ಬರೋ ಚಿಕ್ಕ ಪ್ಲಗ್) ಚುಚ್ಚೋ ಚಿಕ್ಕ ಅಲಾರಂ ಒಂದು ತಗೊಂಡು ಒಂದು ಸೆಲ್‌ಗೆ 3.5 ವೋಲ್ಟ್‌ಗೆ ಇಡಿ. ಮೂರನೇದು ಪ್ರೊಪೆಲ್ಲರ್: ಜೊತೆಯಲ್ಲಿ ಒಂದರ ಮೇಲೆ 1045, ಇನ್ನೊಂದರ ಮೇಲೆ 1045ಆರ್ ಅಂತ ಇರುತ್ತೆ. ಆರ್ ಇಲ್ಲದ್ದನ್ನು ಹಾಕಿ. ಅಕ್ಷರ ಇರೋ ಮುಖ ಮುಂದಕ್ಕೆ, ಅಂದ್ರೆ ವಿಮಾನ ಹೋಗೋ ದಿಕ್ಕಿಗೆ ಇರಬೇಕು. ಮೋಟಾರ್ ಉಲ್ಟಾ ಸುತ್ತಿದ್ರೆ ಮೂರು ವೈರಲ್ಲಿ ಯಾವುದಾದ್ರೂ ಎರಡನ್ನು ಅದಲುಬದಲು ಮಾಡಿ. ಪ್ರೊಪೆಲ್ಲರ್ ತಿರುಗಿಸಿ ಹಾಕಿ ಸರಿಮಾಡೋಕೆ ಹೋದ್ರೆ ಗಾಳಿ ಬರುತ್ತೆ, ಎಳೆತ ಬರಲ್ಲ.

ವಿಮಾನವನ್ನು ಫೋಮ್ ಬೋರ್ಡ್‌ನಲ್ಲಿ ನೀವೇ ಕಟ್ಟಿ. ಸ್ಟೇಷನರಿ ಅಂಗಡೀಲಿ ಎರಡೂ ಕಡೆ ಕಾಗದ ಅಂಟಿಸಿದ 5 ಎಂಎಂ ಹಾಳೆ ಕೇಳಿ. ಸನ್‌ಬೋರ್ಡ್ ಅಂದ್ರೆ ಪಿವಿಸಿ ಹಾಳೆ ಕೊಟ್ಟುಬಿಡ್ತಾರೆ, ಅದು ಭಾರ, ಬೇಡ. ಅಳತೆ ಹೀಗಿರಲಿ: ರೆಕ್ಕೆ ತುದಿಯಿಂದ ತುದಿಗೆ 120 ಸೆಂ.ಮೀ., ಅಗಲ 20 ಸೆಂ.ಮೀ. ರೆಕ್ಕೆಯ ಮುಂದಿನ ಅರ್ಧಕ್ಕೆ, ಅಂದ್ರೆ 10 ಸೆಂ.ಮೀ. ಅಗಲಕ್ಕೆ, ಮೇಲುಗಡೆ ಇನ್ನೊಂದು ಪದರ ಅಂಟಿಸಿ. ನೋಡೋಕೆ ಮೆಟ್ಟಿಲಿನ ಹಾಗೆ ಒರಟಾಗಿರುತ್ತೆ, ಆದರೆ ಕಡಿಮೆ ವೇಗದಲ್ಲೂ ಎತ್ತಿ ಹಿಡಿಯುತ್ತೆ. ಎರಡು ಪದರದ ನಡುವೆ 6 ಎಂಎಂ ಕಾರ್ಬನ್ ಕೊಳವೆ ಕೂರೋ ಹಾಗೆ ಕಾಲುವೆ ಕೊರೆಯಿರಿ. ಕಾರ್ಬನ್ ಸಿಗದಿದ್ರೆ ಒಣಗಿದ ಬಿದಿರಿನ ದಬ್ಬೆ ಸೀಳಿ ನಯಮಾಡಿ ಹಾಕಿ.

ರೆಕ್ಕೆಯನ್ನು ನಡುವಿನಲ್ಲಿ ಮುರಿದು ವಿ ಆಕಾರಕ್ಕೆ ಅಂಟಿಸಬೇಕು. ಒಂದು ಅರ್ಧವನ್ನು ಮೇಜಿಗೆ ಒತ್ತಿ ಹಿಡಿದ್ರೆ ಇನ್ನೊಂದರ ತುದಿ ಮೇಜಿನಿಂದ 12 ಸೆಂ.ಮೀ. ಎದ್ದಿರಬೇಕು. ಕಾರ್ಬನ್ ಕೊಳವೆ ಬಗ್ಗಲ್ಲ, ಹಾಗಾಗಿ ಅದನ್ನೂ ಎರಡು ತುಂಡು ಮಾಡಿ, ನಡುವಿನ ಜಾಗಕ್ಕೆ ಪ್ಲೈವುಡ್ ತುಂಡನ್ನು ಅದೇ ಕೋನಕ್ಕೆ ಕತ್ತರಿಸಿ ಸೇರಿಸಿ. ಈ ಗೆಣ್ಣು ಗಟ್ಟಿಯಾಗದಿದ್ರೆ ಮೊದಲ ಜೋರು ತಿರುವಿನಲ್ಲೇ ರೆಕ್ಕೆ ಚಪ್ಪಾಳೆ ಹೊಡೆಯುತ್ತೆ.

ಬಾಲದ ಅಡ್ಡಪಟ್ಟಿ 45×11 ಸೆಂ.ಮೀ. ರೆಕ್ಕೆಯ ಹಿಂದಿನ ಅಂಚಿಂದ ಬಾಲದ ಮುಂದಿನ ಅಂಚಿಗೆ 45 ಸೆಂ.ಮೀ. ದೂರ, ರೆಕ್ಕೆಯ ಮುಂದೆ ಮೂಗು 22 ಸೆಂ.ಮೀ. ನಿಂತ ಬಾಲದ ವಿಸ್ತೀರ್ಣ ಅಡ್ಡಪಟ್ಟಿಯ ಅರ್ಧದಷ್ಟಿರಲಿ. ರೆಕ್ಕೆಯ ಮುಂದಿನ ಅಂಚು ಹಿಂದಿನದಕ್ಕಿಂತ 7 ಎಂಎಂ ಎತ್ತರದಲ್ಲಿ ಕೂರಲಿ. ರೆಕ್ಕೆಯನ್ನು ಮೈಗೆ ಅಂಟಿಸಬೇಡಿ. ಮೈಯಲ್ಲಿ ಅಡ್ಡಡ್ಡ ಎರಡು ಬಿದಿರು ಕಡ್ಡಿ ತೂರಿಸಿ ರಬ್ಬರ್ ಬ್ಯಾಂಡ್‌ನಲ್ಲಿ ಬಿಗಿಯಿರಿ. ಬಿದ್ದಾಗ ರಬ್ಬರ್ ಜಾರುತ್ತೆ, ರೆಕ್ಕೆ ಉಳಿಯುತ್ತೆ.

ಅಂಟಿಗೆ ಗ್ಲೂ ಗನ್ ಸಾಕು, ಆದರೆ ಕೈ ಹಿಡಿತ ಇರಲಿ. ಅಂಟಿನ ತೂಕವೇ 50 ಗ್ರಾಂ ದಾಟಿಬಿಡುತ್ತೆ, ಅದೂ ಬಾಲದ ಕಡೆ ಜಾಸ್ತಿ ಆದ್ರೆ ಮೂಗಿಗೆ ಅದರ ಎರಡರಷ್ಟು ಭಾರ ಹೇರಬೇಕಾಗುತ್ತೆ. ಫೆವಿಕ್ವಿಕ್ ಥರದ್ದು ಥರ್ಮಾಕೋಲನ್ನು ಕರಗಿಸಿ ತಿಂದುಬಿಡುತ್ತೆ, ಅದನ್ನು ಈ ಹಾಳೆಯ ಒಳಪದರಕ್ಕೂ ತಾಗಿಸಬೇಡಿ.

ಹೊಸದಾಗಿ ತಗೋಬೇಕಾದ್ದು 9 ಗ್ರಾಂ ಸರ್ವೊ ಎರಡು, ಕಂಟ್ರೋಲ್ ಹಾರ್ನ್ (ಪಟ್ಟಿಗೆ ತಂತಿ ಸಿಕ್ಕಿಸೋ ಕೊಂಬು), 1.2 ಎಂಎಂ ಸ್ಟೀಲ್ ತಂತಿ, ಅಲಾರಂ. ಅಷ್ಟೇ. ಏಲೆರಾನ್ (ರೆಕ್ಕೆಯ ಹಿಂದಂಚಿನ ಆಡೋ ಪಟ್ಟಿ) ಬೇಡ. ರಡರ್ (ನಿಂತ ಬಾಲದ ಪಟ್ಟಿ, ಎಡಬಲಕ್ಕೆ), ಎಲಿವೇಟರ್ (ಅಡ್ಡ ಬಾಲದ ಪಟ್ಟಿ, ಏರಿಳಿಕೆಗೆ), ಥ್ರಾಟಲ್ (ಮೋಟಾರ್ ವೇಗ), ಮೂರೇ ಚಾನಲ್. ರಡರ್ ಸರ್ವೊ ವೈರನ್ನು ರಿಸೀವರ್‌ನ 4ನೇ ಚಾನಲ್‌ಗೆ ಹಾಕದೆ 1ನೇದಕ್ಕೆ ಹಾಕಿ. ಆಗ ತಿರುಗಿಸೋದೂ ಏರಿಸೋದೂ ಬಲಗೈ ಕಡ್ಡಿಯಲ್ಲೇ ಬರುತ್ತೆ. ಮುಂದೆ ಏಲೆರಾನ್ ವಿಮಾನಕ್ಕೆ ಹೋದಾಗ ಅದೇ ಅಭ್ಯಾಸ ನಡೆಯುತ್ತೆ.

ನಾಲ್ಕನೇಚಾನಲ್

ಮೂರು ಚಾನಲ್ ವಿಷಯದಲ್ಲಿ ನಂದು ಸ್ವಲ್ಪ ತಕರಾರಿದೆ. ರಡರ್ ಮಾತ್ರ ಇರೋ ವಿಮಾನ ಕಡ್ಡಿ ತಳ್ಳಿದ ಮೇಲೆ ಒಂದು ಕ್ಷಣ ಬಿಟ್ಟು ವಾಲುತ್ತೆ. ಗಾಳಿ 12–15 ಕಿ.ಮೀ. ವೇಗಕ್ಕೆ ಬಂತು ಅಂದ್ರೆ ಆ ತಡವೇ ಮುಳುವು. ಏಲೆರಾನ್ ಇದ್ರೆ ರೆಕ್ಕೆ ಎದ್ದ ತಕ್ಷಣ ಕೆಳಗಿಳಿಸಬಹುದು. ಜೊತೆಗೆ ಇಪಿಒ ಫೋಮಿನ ರೆಡಿ ಟ್ರೈನರ್‌ಗಳು, ಪ್ರೊಪೆಲ್ಲರ್ ರೆಕ್ಕೆಯ ಹಿಂದೆ ಮೇಲುಗಡೆ ಇರೋವು, ಮೂಗು ನೆಲಕ್ಕೆ ಬಡಿದ್ರೂ ಮೋಟಾರ್ ಉಳಿಯುತ್ತೆ. ಕಟ್ಟೋಕೆ ಪುರುಸೊತ್ತಿಲ್ಲದೋರಿಗೆ ಅದೇ ಸರಿ.

ಒಳಗೆ ಗೈರೊ (ವಿಮಾನವನ್ನು ತಾನೇ ನೇರ ಇಡೋ ಸಾಧನ) ಇರೋ ಟ್ರೈನರ್ ತಗೊಂಡ್ರೆ ಗೈರೊ ಹಾಕಿ ಒಂದಷ್ಟು ದಿನ, ಆಮೇಲೆ ಅದನ್ನು ಆಫ್ ಮಾಡಿ ಕಲೀರಿ. ಅದನ್ನೇ ನೆಚ್ಚಿಕೊಂಡ್ರೆ ಅದು ಕೈಕೊಟ್ಟ ದಿನ ಕೈಗೆ ಏನೂ ಬಂದಿರಲ್ಲ.

ಬದುಮೇಲೆ

ಗಾಳಿ ವಿಷಯ ಒಪ್ಪಿದೆ. ಆದ್ರೆ ಹೇಳಿಕೊಡೋರು ಯಾರೂ ಇಲ್ಲ ಅಂದಿದ್ದಾರೆ, ಅದನ್ನೂ ನೋಡಿ. ಪಕ್ಕದಲ್ಲಿ ರಿಮೋಟ್ ಈಸ್ಕೊಳ್ಳೋರು ಇಲ್ಲದಾಗ ಕಡ್ಡಿ ಬಿಟ್ಟರೆ ತಾನೇ ನೆಟ್ಟಗಾಗೋ ವಿಮಾನ ಬೇಕು. ಆ ಗುಣ ಬರೋದು ಎದ್ದ ರೆಕ್ಕೆತುದಿಯಿಂದ, ಏಲೆರಾನ್‌ನಿಂದಲ್ಲ. ಗಾಳಿ ಇರೋ ದಿನ ಹಾರಿಸಬೇಡಿ ಅಂದ್ರೆ ಮುಗೀತು. ಮುರಿದ ಫೋಮ್ ಬೋರ್ಡ್ ರೆಕ್ಕೆಗೆ ಒಂದು ಹಾಳೆಯ ಖರ್ಚು, ಇಪಿಒ ರೆಕ್ಕೆ ತರಿಸೋಕೆ ವಾರಗಟ್ಟಲೆ ಕಾಯಬೇಕು. ಮೂರು ಚಾನಲ್‌ನಲ್ಲಿ ಕೈ ಕುದುರಿದ ಮೇಲೆ ಅದೇ ಮೈಗೆ ಏಲೆರಾನ್ ಇರೋ, ತುದಿ ಕಡಿಮೆ ಎದ್ದ ಇನ್ನೊಂದು ರೆಕ್ಕೆ ಕಟ್ಟಿಕೊಳ್ಳಲಿ. ರಬ್ಬರ್ ಬ್ಯಾಂಡ್ ಅದಕ್ಕೂ ಅನುಕೂಲ.

ಪ್ರೊಪ್‌ಬಿಚ್ಚಿ

ರಿಮೋಟ್ ಸೆಟ್ಟಿಂಗ್ ಬಗ್ಗೆ ಯಾರೂ ಹೇಳಿಲ್ಲ. ಮೊದಲ ದಿನ ಬೀಳೋ ವಿಮಾನಗಳಲ್ಲಿ ಹೆಚ್ಚಿನವು ಹಾರಿಸೋಕೆ ಬರದೆ ಬೀಳಲ್ಲ, ಮೇಜಿನ ಮೇಲೆ ನೋಡದೆ ಬಿಟ್ಟಿದ್ದಕ್ಕೆ ಬೀಳ್ತವೆ. ಈ ಕೆಲಸ ಪೂರ್ತಿ ಪ್ರೊಪೆಲ್ಲರ್ ಬಿಚ್ಚಿಟ್ಟು ಮಾಡಿ. 10 ಇಂಚಿನ ಪ್ರೊಪೆಲ್ಲರ್ ಬೆರಳು ಕತ್ತರಿಸೋಕೆ ಫುಲ್ ಥ್ರಾಟಲ್ ಬೇಕಾಗಿಲ್ಲ.

ಐ6ನಲ್ಲಿ ಹೊಸ ಮಾಡೆಲ್ ತೆರೆದು ವಿಧಾನ ‘ಏರೋಪ್ಲೇನ್’ ಇದೆಯಾ ನೋಡಿ, ಹೆಲಿಕಾಪ್ಟರ್ ಆಗಿದ್ರೆ ಚಾನಲ್‌ಗಳು ಒಂದಕ್ಕೊಂದು ಬೆರೆತು ತಲೆಕೆಡುತ್ತೆ. ನಂತರ ಇಎಸ್‌ಸಿಗೆ ಥ್ರಾಟಲ್ ಅಳತೆ ಕಲಿಸಿ: ರಿಮೋಟ್ ಆನ್ ಮಾಡಿ ಕಡ್ಡಿ ಪೂರ್ತಿ ಮೇಲಿಡಿ, ಆಮೇಲೆ ಬ್ಯಾಟರಿ ಚುಚ್ಚಿ, ಬೀಪ್ ಬಂದ ಕೂಡಲೇ ಕಡ್ಡಿ ಪೂರ್ತಿ ಕೆಳಗೆ. ಮಾಮೂಲಿ ದಿನಗಳಲ್ಲಿ ಮಾತ್ರ ಕಡ್ಡಿ ಕೆಳಗಿದ್ದು ಮೊದಲು ರಿಮೋಟ್ ಆನ್, ಆಮೇಲೆ ವಿಮಾನಕ್ಕೆ ಬ್ಯಾಟರಿ. ಆಫ್ ಮಾಡುವಾಗ ಉಲ್ಟಾ, ಬ್ಯಾಟರಿ ಮೊದಲು, ರಿಮೋಟ್ ಕೊನೆಗೆ.

ಫೇಲ್‌ಸೇಫ್ ಮರೀಬೇಡಿ. ಸಿಗ್ನಲ್ ತಪ್ಪಿದ್ರೆ ಮೋಟಾರ್ ನಿಲ್ಲಬೇಕು. ಸಿಸ್ಟಂ ಮೆನು, ಆರ್‌ಎಕ್ಸ್ ಸೆಟಪ್, ಫೇಲ್‌ಸೇಫ್, ಚಾನಲ್ 3 ಆನ್ ಮಾಡಿ, ಥ್ರಾಟಲ್ ಕಡ್ಡಿಯನ್ನು ಪೂರ್ತಿ ಕೆಳಗೆ ಹಿಡಿದುಕೊಂಡೇ ಕ್ಯಾನ್ಸಲ್ ಗುಂಡಿಯನ್ನು ಒತ್ತಿ ಹಿಡಿದು ಉಳಿಸಿ. ಬರೀ ಒತ್ತಿ ಬಿಟ್ಟರೆ ಐ6 ಉಳಿಸಿಕೊಳ್ಳಲ್ಲ, ತುಂಬ ಜನ ಎಡವೋದು ಇಲ್ಲೇ. ಪರೀಕ್ಷೆ ಸುಲಭ: ಮೋಟಾರ್ ಅರ್ಧ ವೇಗದಲ್ಲಿ ಓಡ್ತಿರುವಾಗ ರಿಮೋಟ್ ಆಫ್ ಮಾಡಿ. ಮೋಟಾರ್ ನಿಂತ್ರೆ ಸರಿ. ಥ್ರೊ ಹೋಲ್ಡ್ (ಥ್ರಾಟಲ್ ಹೋಲ್ಡ್, ಮೋಟಾರ್ ಓಡದ ಹಾಗೆ ತಡೆಯೋದು) ಅಂತ ಇನ್ನೊಂದಿದೆ, ಅದನ್ನೂ ಒಂದು ಸ್ವಿಚ್‌ಗೆ ಹಾಕಿಕೊಳ್ಳಿ. ವಿಮಾನವನ್ನು ಕೈಲಿ ಹಿಡಿದು ನಡೆಯುವಾಗೆಲ್ಲ ಆ ಸ್ವಿಚ್ ಹಾಕೇ ಇರಲಿ.

ದಿಕ್ಕು ನೋಡುವಾಗ ವಿಮಾನದ ಹಿಂದೆ ನಿಂತು ನೋಡಿ. ಬಲಗೈ ಕಡ್ಡಿ ನಿಮ್ಮ ಕಡೆಗೆ ಎಳೆದ್ರೆ ಎಲಿವೇಟರ್‌ನ ಹಿಂದಿನ ಅಂಚು ಮೇಲೇಳಬೇಕು. ಬಲಕ್ಕೆ ತಳ್ಳಿದ್ರೆ ರಡರ್‌ನ ಹಿಂದಿನ ಅಂಚು ಬಲಕ್ಕೆ ಬರಬೇಕು. ಏಲೆರಾನ್ ಇದ್ರೆ ಬಲಕ್ಕೆ ತಳ್ಳಿದಾಗ ಬಲರೆಕ್ಕೆಯದು ಮೇಲೇಳಬೇಕು. ಉಲ್ಟಾ ಇದ್ರೆ ರಿವರ್ಸ್ ಮೆನುವಿನಲ್ಲಿ ಆ ಚಾನಲ್ ಬದಲಿಸಿ. ಚಲನೆ ಎಲಿವೇಟರ್‌ಗೆ ಮೇಲೆ 10 ಎಂಎಂ, ಕೆಳಗೆ 10 ಎಂಎಂ. ರಡರ್‌ಗೆ ಎಡಬಲ 25 ಎಂಎಂವರೆಗೆ ಕೊಡಿ. ಎಕ್ಸ್‌ಪೊ (ಕಡ್ಡಿಯ ನಡುಭಾಗವನ್ನು ಮೆತ್ತಗೆ ಮಾಡೋದು) 30. ಆದ್ರೆ ಪ್ಲಸ್ಸೋ ಮೈನಸ್ಸೋ ಅಂತ ಬೇರೆ ಕಂಪನಿ ರಿಮೋಟಿನವರನ್ನು ಕೇಳಬೇಡಿ, ಒಂದೊಂದರಲ್ಲಿ ಒಂದೊಂದು ಥರ. ಪರದೆಯ ಮೇಲಿನ ಗೆರೆ ನಡುವಿನಲ್ಲಿ ಚಪ್ಪಟೆಯಾಗಿ, ತುದಿಗಳಲ್ಲಿ ಕಡಿದಾಗಿ ಕಂಡ್ರೆ ಅದೇ ಸರಿಯಾದ ಕಡೆ.

ಹೇಳಿಕೊಡೋರು ಇಲ್ಲದ್ದಕ್ಕೆ ಸಿಮ್ಯುಲೇಟರ್ ಇದೆ. ಪಿಕಾಸಿಮ್ ಉಚಿತ. ಐ6ನ ಹಿಂಭಾಗದ ದುಂಡನೆ ಟ್ರೈನರ್ ಪೋರ್ಟ್‌ಗೆ ಯುಎಸ್‌ಬಿ ಸಿಮ್ಯುಲೇಟರ್ ಕೇಬಲ್ ಹಾಕಿ ಅದೇ ರಿಮೋಟಲ್ಲಿ ಕಂಪ್ಯೂಟರ್‌ನಲ್ಲಿ ಹಾರಿಸಿ. ಮೊಬೈಲ್ ಪರದೆ ಮೇಲೆ ಬೆರಳಾಡಿಸಿ ಕಲಿತಿದ್ದು ಗದ್ದೇಲಿ ಕೆಲಸಕ್ಕೆ ಬರಲ್ಲ. ನೋಟವನ್ನು ನೆಲದಲ್ಲಿ ನಿಂತವರ ನೋಟಕ್ಕೆ ಇಟ್ಟುಕೊಳ್ಳಿ, ವಿಮಾನದ ಹಿಂದೆಯೇ ಓಡೋ ಕ್ಯಾಮೆರಾ ಬೇಡ. ಕಷ್ಟ ಇರೋದು ವಿಮಾನ ನಿಮ್ಮ ಕಡೆ ಮುಖಮಾಡಿ ಬರುವಾಗ, ಎಡಬಲ ತಿರುವುಮುರುವಾಗುತ್ತೆ. ಆಗ ಯೋಚನೆ ಮಾಡೋಕೆ ಸಮಯ ಇರಲ್ಲ. ಯಾವ ರೆಕ್ಕೆ ಕೆಳಗಿಳಿದಿದೆಯೋ ಕಡ್ಡಿಯನ್ನು ಆ ಕಡೆಗೇ ತಳ್ಳಿ, ಬಿದ್ದ ರೆಕ್ಕೆಗೆ ಊರುಗೋಲು ಕೊಟ್ಟ ಹಾಗೆ. ಎಂಟರ ಆಕಾರ ಎರಡೂ ದಿಕ್ಕಿನಲ್ಲಿ ಸಲೀಸಾಗಿ ಬರೋವರೆಗೆ ಹೊರಗೆ ಹೋಗಬೇಡಿ.

ಶಿಂಷಾದಂಡೆ

ಬದುಮೇಲೆ ಅಣ್ಣ, ನೀವು ಹೇಳಿದ ಅಳತೆಗೇ ಕಟ್ಟಿದ್ದೀನಿ. ಬ್ಯಾಟರಿ ಸೇರಿ 780 ಗ್ರಾಂ. ಸಿಮ್ಯುಲೇಟರ್‌ನಲ್ಲಿ ಎಂಟು ಹಾಕೋಕೆ ಬರ್ತಿದೆ. ಮೋಟಾರ್ ಇಲ್ಲದೆ ಹುಲ್ಲಿನ ಮೇಲೆ ಎಸೆದ್ರೆ ನೇರ ಹೋಗಿ ಕೂರುತ್ತೆ. ಮೋಟಾರ್ ಫುಲ್ ಕೊಟ್ಟು ಎಸೆದ್ರೆ ಮಾತ್ರ ಎಡಕ್ಕೆ ಉರುಳಿ ಹೊಟ್ಟೆ ಮೇಲೆ ಮಾಡುತ್ತೆ. ರಡರ್ ಟ್ರಿಮ್ (ರಡರ್‌ನ ನಡುಸ್ಥಾನ ಸರಿಸೋ ಗುಂಡಿ) ಪೂರ್ತಿ ಬಲಕ್ಕೆ ಹಾಕಿದ್ರೂ ಅಷ್ಟೇ. ಮೂಗು, ಒಂದು ಪ್ರೊಪೆಲ್ಲರ್ ಹೋಯ್ತು. ಮೋಟಾರ್ ಕಡಿಮೆ ಶಕ್ತಿದಾ?

ಬದುಮೇಲೆ

ಮೋಟಾರ್ ಶಕ್ತಿ ಕಡಿಮೆಯಾಗಿ ಅಲ್ಲ, ಎಸೆಯೋ ಕ್ಷಣಕ್ಕೆ ಜಾಸ್ತಿಯಾಗಿ. ಮೋಟಾರ್ ಇಲ್ಲದೆ ನೇರ ಹೋಗುತ್ತೆ ಅನ್ನೋದೇ ಉತ್ತರ. ರೆಕ್ಕೆ ತಿರುಚಿದ್ರೆ, ಒಂದು ರೆಕ್ಕೆ ಭಾರ ಇದ್ರೆ, ಬರೀ ತೇಲುವಾಗಲೂ ಎಡಕ್ಕೇ ಎಳೀತಿತ್ತು. ಈಗ ತಪ್ಪು ಇರೋದು ಎಳೆತದ ದಿಕ್ಕಿನಲ್ಲಿ ಮತ್ತು ಎಸೆತದಲ್ಲಿ. ಅದಕ್ಕೆ ರಡರ್ ಟ್ರಿಮ್ ಹಾಕೋದು ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ ಹಾಗೆ. ಅದು ಥ್ರಾಟಲ್ ಇಳಿಸಿದ ಕೂಡಲೇ ಬಲಕ್ಕೆ ಸುತ್ತಿಸುತ್ತೆ. ಟ್ರಿಮ್ ನಡುವಿಗೆ ತನ್ನಿ.

ಹಿಂದಿನಿಂದ ನೋಡಿದ್ರೆ ಪ್ರೊಪೆಲ್ಲರ್ ಗಡಿಯಾರದ ಮುಳ್ಳಿನ ದಿಕ್ಕಿಗೆ ಸುತ್ತುತ್ತೆ, ಅದಕ್ಕೆ ಪ್ರತಿಯಾಗಿ ಮೈ ಎಡಕ್ಕೆ ಉರುಳಬೇಕು ಅನ್ನುತ್ತೆ. ವೇಗ ಬಂದ ಮೇಲೆ ರೆಕ್ಕೆ ಅದನ್ನು ತಡೆಯುತ್ತೆ. ಕೈ ಬಿಟ್ಟ ಕ್ಷಣದಲ್ಲಿ ವೇಗ ಇಲ್ಲ, ತಡೆಯೋರು ಯಾರೂ ಇಲ್ಲ. ಅದಕ್ಕೆ ಮೋಟಾರನ್ನೇ ಸ್ವಲ್ಪ ಬಲಕ್ಕೆ, ಸ್ವಲ್ಪ ಕೆಳಕ್ಕೆ ನೋಡೋ ಹಾಗೆ ಕೂರಿಸಬೇಕು. ನಿಮ್ಮ ಮೋಟಾರ್ ಮೌಂಟಿನ ನಾಲ್ಕು ಸ್ಕ್ರೂಗಳಲ್ಲಿ ಎಡಗಡೆಯವಕ್ಕೆ, ಹಿಂದೆ ನಿಂತು ನೋಡಿದಾಗಿನ ಎಡ, ಮೌಂಟ್ ಮತ್ತು ಪ್ಲೈವುಡ್ ನಡುವೆ ಒಟ್ಟು 1 ಎಂಎಂ ದಪ್ಪದ ವಾಷರ್ ಹಾಕಿ. ಮೇಲುಗಡೆಯವಕ್ಕೂ ಹಾಗೇ 1 ಎಂಎಂ. ಎಡ-ಮೇಲಿನ ಮೂಲೆಗೆ ಎರಡೂ ಸೇರಿ 2 ಎಂಎಂ ಬರುತ್ತೆ. ಇಷ್ಟರಲ್ಲಿ ಸುಮಾರು 2 ಡಿಗ್ರಿ ಬಲ, 2 ಡಿಗ್ರಿ ಕೆಳಗೆ ಸಿಗುತ್ತೆ. ಕಣ್ಣಿಗೆ ಮೂಗು ಸೊಟ್ಟ ಕಾಣುತ್ತೆ, ಕಾಣಲಿ ಬಿಡಿ.

ಮುಂದಿನದು ಎಸೆತ. ಫುಲ್ ಥ್ರಾಟಲ್ ಬೇಡ, ಅರ್ಧದಿಂದ ಮುಕ್ಕಾಲು ಸಾಕು. ಗಾಳಿಗೆ ಎದುರಾಗಿ ನಿಂತು, ನಾಲ್ಕು ಹೆಜ್ಜೆ ಓಡಿ, ರೆಕ್ಕೆ ಸಮನಾಗಿಟ್ಟು, ಮೂಗನ್ನು ದಿಗಂತದ ಕಡೆ ಇಟ್ಟು ಈಟಿ ಎಸೆಯೋ ಹಾಗೆ ನೇರ ತಳ್ಳಿ. ಆಕಾಶಕ್ಕೆ ಎಸೆಯೋದೇ ಹೊಸಬರ ಚಟ. ಮೂಗು ಮೇಲಾಗಿ ವೇಗ ಸತ್ತು ಅಲ್ಲೇ ಮಗುಚುತ್ತೆ. ಬಲಗೈಲಿ ಎಸೆಯೋರು ಕೊನೇಲಿ ಮಣಿಕಟ್ಟು ತಿರುವ್ತಾರೆ, ಅದರಿಂದಲೂ ಎಡರೆಕ್ಕೆ ಕೆಳಗಾಗುತ್ತೆ. ಸಾಧ್ಯ ಆದ್ರೆ ಎಸೆಯೋಕೆ ಇನ್ನೊಬ್ಬರನ್ನು ಇಟ್ಟುಕೊಳ್ಳಿ, ನಿಮ್ಮ ಎರಡೂ ಕೈ ರಿಮೋಟ್ ಮೇಲಿರಲಿ.

ಇನ್ನೊಂದು ಕೇಳಬೇಕು. ಬ್ಯಾಟರಿ ಹಾಕಿದ ಮೇಲೆ ತೂಕದ ನಡು ಎಲ್ಲಿ ಬರ್ತಿದೆ? ರೆಕ್ಕೆಯ ಕೆಳಗೆ ಎರಡೂ ಕಡೆ ಮುಂದಿನ ಅಂಚಿನಿಂದ 5 ಸೆಂ.ಮೀ. ಹಿಂದೆ ಗೆರೆ ಎಳೆದು ಬೆರಳ ತುದಿಯಲ್ಲಿ ಎತ್ತಿ. ಮೂಗು ಒಂಚೂರು ಕೆಳಗೆ ವಾಲಿ ನಿಲ್ಲಬೇಕು. 6 ಸೆಂ.ಮೀ. ದಾಟಿದ್ರೆ ಬಾಲ ಭಾರ, ಅಂಥದ್ದನ್ನು ಹಾರಿಸೋಕೇ ಹೋಗಬೇಡಿ, ಕಡ್ಡಿ ಎಷ್ಟು ಆಡಿಸಿದ್ರೂ ಹಿಡಿತಕ್ಕೆ ಸಿಗಲ್ಲ. ಸೀಸ ಅಂಟಿಸೋ ಮೊದಲು ಬ್ಯಾಟರಿಯನ್ನೇ ಮುಂದಕ್ಕೆ ತಳ್ಳಿ ನೋಡಿ. ಸರಿಹೋದ ಮೇಲೆ ಬ್ಯಾಟರಿ ಕೂರೋ ಜಾಗಕ್ಕೆ ಪೆನ್ನಲ್ಲಿ ಗುರುತು ಹಾಕಿ ವೆಲ್ಕ್ರೊ ಪಟ್ಟಿಯಲ್ಲಿ ಕಟ್ಟಿ. ಹಾರಾಟದಲ್ಲಿ ಬ್ಯಾಟರಿ ಎರಡು ಸೆಂ.ಮೀ. ಹಿಂದಕ್ಕೆ ಜಾರಿದ್ರೂ ಕೆಲಸ ಕೆಟ್ಟಿತು.

ಶಿಂಷಾದಂಡೆ

6 ಸೆಂ.ಮೀ.ಗಿಂತ ಹಿಂದೆಯೇ ಇತ್ತು! ಬ್ಯಾಟರಿ ಮೂಗಿನ ತನಕ ತಳ್ಳಿದೆ, 5ಕ್ಕೆ ಬಂತು. ವಾಷರ್ ಹಾಕಿ ಭಾನುವಾರ ನೋಡ್ತೀನಿ. ಜಾಗ, ಪರ್ಮಿಷನ್ ವಿಷಯ ಯಾರಾದ್ರೂ ಹೇಳಿ.

ನಾಲೆಏರಿ

2021ರ ಡ್ರೋನ್ ನಿಯಮಗಳು ವಿಮಾನದ ಮಾಡೆಲ್‌ಗಳಿಗೂ ಅನ್ವಯಿಸ್ತವೆ. 25 ಕೆ.ಜಿ. ಒಳಗಿನ, ಕಲಿಕೆಗೋ ಮನರಂಜನೆಗೋ ಮಾತ್ರ, ಕಣ್ಣಿಗೆ ಕಾಣೋ ದೂರದಲ್ಲೇ ಹಾರಿಸೋ ಮಾಡೆಲ್‌ಗೆ ಟೈಪ್ ಸರ್ಟಿಫಿಕೇಟ್ (ಆ ಮಾದರಿಗೆ ಸರ್ಕಾರದ ಒಪ್ಪಿಗೆಪತ್ರ) ಬೇಕಿಲ್ಲ. ಆದ್ರೆ ಆಕಾಶದ ವಲಯ ಎಲ್ಲರಿಗೂ ಒಂದೇ. ಸರ್ಕಾರದ ಡಿಜಿಟಲ್ ಸ್ಕೈ ವೆಬ್‌ಸೈಟ್‌ನ ನಕ್ಷೆಯಲ್ಲಿ ನಿಮ್ಮ ಗದ್ದೆ ಹುಡುಕಿ. ಹಸಿರು ಇದ್ರೆ 400 ಅಡಿವರೆಗೆ ಅನುಮತಿ ಬೇಡ. ವಿಮಾನ ನಿಲ್ದಾಣದ ಗಡಿಯಿಂದ 8ರಿಂದ 12 ಕಿ.ಮೀ. ನಡುವೆ ಆ ಮಿತಿ 200 ಅಡಿ, 8 ಕಿ.ಮೀ. ಒಳಗೆ ನೆಲದಿಂದಲೇ ಹಳದಿ, ಅಂದ್ರೆ ಏರ್ ಟ್ರಾಫಿಕ್ ಕಂಟ್ರೋಲ್ ಅನುಮತಿ ಬೇಕು. ಕೆಂಪಿಗೆ ಕೇಂದ್ರ ಸರ್ಕಾರದ ಅನುಮತಿ. ಮೈಸೂರಿನ ದಕ್ಷಿಣಕ್ಕೆ, ನಂಜನಗೂಡು ರಸ್ತೆ ಕಡೆ ಇರೋರಿಗೆ ಮಂಡಕಳ್ಳಿ ನಿಲ್ದಾಣದ್ದೇ ತೊಡಕು. ಯಲವಾಲದ ಹತ್ತಿರ ರತ್ನಹಳ್ಳಿಯಲ್ಲಿ ಅಣುಶಕ್ತಿ ಇಲಾಖೆಯ ಘಟಕ ಇದೆ, ಆ ಕಡೆ ತಲೆ ಹಾಕೋದೇ ಬೇಡ. ಮದ್ದೂರು ನಿಲ್ದಾಣದ ಲೆಕ್ಕಕ್ಕೆ ಬಹಳ ದೂರ. ಆದ್ರೂ ಹೋಗೋ ದಿನ ನಕ್ಷೆ ನೋಡಿ, ವಲಯ ಬದಲಾಗ್ತಿರುತ್ತೆ.

ಇನ್ನೊಂದು ಮಾತು: ಕೊಕ್ಕರೆ ಬೆಳ್ಳೂರಿನ ಸುತ್ತ ಹಾರಿಸಬೇಡಿ. ಹೆಜ್ಜಾರ್ಲೆಗಳು ಊರೊಳಗಿನ ಮರಗಳಲ್ಲೇ ಗೂಡು ಕಟ್ತವೆ. ರಂಗನತಿಟ್ಟಿಗೂ ಅದೇ ಮಾತು. ಬೇರೆ ಕಡೆ ಹದ್ದು ಬೆನ್ನು ಹತ್ತಿದ್ರೆ ವಿಮಾನ ಇಳಿಸಿಬಿಡಿ. ಫೋಮಿಗಿಂತ ಅದರ ಉಗುರು ಗಟ್ಟಿ, ಪ್ರೊಪೆಲ್ಲರ್‌ಗಿಂತ ಅದರ ರೆಕ್ಕೆ ಮೆತ್ತಗೆ.

ಜಾಗಕ್ಕೆ, ಕೊಯ್ಲಾದ ಭತ್ತದ ಗದ್ದೆಯನ್ನು ಮೀರಿಸಿದ್ದಿಲ್ಲ. ನೆಲ ಒಣಗಿರಬೇಕು, ಗದ್ದೆಯವರನ್ನು ಕೇಳಿರಬೇಕು. ಕೂಳೆ ಮೇಲೆ ಹೊಟ್ಟೆಯಲ್ಲಿ ಇಳಿದ್ರೆ ಏನೂ ಆಗಲ್ಲ, ಹಾಗಾಗಿ ಗಾಲಿ ಹಾಕಲೇಬೇಡಿ, ಬದುವಿಗೆ ಸಿಕ್ಕಿ ಪಲ್ಟಿ ಹೊಡೆಯುತ್ತೆ. ಸುತ್ತ ಕನಿಷ್ಠ 100 ಮೀ. ಬಯಲಿರಲಿ. 11 ಕೆವಿ ವಿದ್ಯುತ್ ಲೈನು, ಪಂಪ್‌ಸೆಟ್‌ನ ಟ್ರಾನ್ಸ್‌ಫಾರ್ಮರ್ ಬೆನ್ನ ಹಿಂದಿರಲಿ. ಲೈನಿಗೆ ಸಿಕ್ಕಿಕೊಂಡ ವಿಮಾನವನ್ನು ಗಳುವಿನಲ್ಲಿ ಎಳೆಯೋಕೆ ಹೋಗಬೇಡಿ. ಲೈನ್‌ಮನ್‌ಗೆ ಹೇಳಿ, ಇಲ್ಲ ಬಿಟ್ಟುಬಿಡಿ.

ಗಾಳಿ ಬಗ್ಗೆ. ಆಷಾಢದಲ್ಲಿ ವಿಮಾನ ಮನೇಲಿರಲಿ. ಜೂನ್‌ನಿಂದ ಆಗಸ್ಟ್ ಕೊನೆವರೆಗೆ ಪಶ್ಚಿಮದ ಗಾಳಿ ಬಿಡುವಿಲ್ಲದೆ ಬೀಸುತ್ತೆ, 780 ಗ್ರಾಂ ವಿಮಾನ ಹಿಂದಕ್ಕೇ ಹೋಗುತ್ತೆ. ಅಕ್ಟೋಬರ್ ಕೊನೆಯಿಂದ ಫೆಬ್ರವರಿವರೆಗೆ ಒಳ್ಳೆ ಕಾಲ. ಆಗ ಬೀಸೋ ಮೆಲುಗಾಳಿ ಹೆಚ್ಚಾಗಿ ಪೂರ್ವದ್ದು. ಬೆಳಿಗ್ಗೆ ಗಾಳಿಗೆ ಎದುರಾಗಿ ನಿಂತ್ರೆ ಸೂರ್ಯ ಕಣ್ಣಿಗೇ ಹೊಡೆಯುತ್ತೆ, ವಿಮಾನ ಸೂರ್ಯನ ಮುಂದೆ ಹಾದ್ರೆ ಒಂದು ಕ್ಷಣ ಕಾಣೋದೇ ಇಲ್ಲ, ಅಷ್ಟೇ ಸಾಕು. ಹಾಗಾಗಿ ಕಲಿಯೋವಾಗ ಸಂಜೆ ಐದರ ಮೇಲೆ ಹೋಗಿ. ಗಾಳಿ ಎದುರಿಗೆ, ಸೂರ್ಯ ಬೆನ್ನಿಗೆ. ಬೆಳಿಗ್ಗೆಯೇ ಹೋಗೋದಾದ್ರೆ ಎಸೆದ ಮೇಲೆ ಬೇಗ ಪಕ್ಕಕ್ಕೆ ತಿರುಗಿಸಿಕೊಂಡು ಉತ್ತರ-ದಕ್ಷಿಣವಾಗಿ ಓಡಾಡಿಸಿ. ಮಂಜು ಪೂರ್ತಿ ಬಿಟ್ಟಿರಬೇಕು.

ಕಬ್ಬಿನೊಳಗೆ ಬಿದ್ರೆ: ಕಣ್ಣು ತೆಗೆಯದೆ ಬಿದ್ದ ದಿಕ್ಕಿನಲ್ಲಿ ದೂರದ ತೆಂಗಿನ ಮರವನ್ನೋ ಕಂಬವನ್ನೋ ಗುರುತು ಹಿಡಿಯಿರಿ. ಥ್ರಾಟಲ್ ಹೋಲ್ಡ್ ಹಾಕಿ. ಒಬ್ಬರು ನಿಂತಲ್ಲೇ ನಿಂತು ಕೈ ತೋರಿಸ್ಬೇಕು, ಇನ್ನೊಬ್ಬರು ಸಾಲು ಹಿಡಿದು ಒಳಗೆ ಹೋಗ್ಬೇಕು. ಇಬ್ಬರೂ ಒಳಗೆ ಹೋದ್ರೆ ದಿಕ್ಕು ತಪ್ಪಿತು, ಆ ಎತ್ತರದಲ್ಲಿ ಒಳಗಿಂದ ಏನೂ ಕಾಣಲ್ಲ. ರಿಮೋಟ್ ಆಫ್ ಮಾಡದೆ ಎಲಿವೇಟರ್ ಆಡಿಸಿ, ಸರ್ವೊ ಕಿರುಗುಟ್ಟೋದು ಹತ್ತು ಹೆಜ್ಜೆಯೊಳಗೆ ಕೇಳುತ್ತೆ. ಅಲಾರಂ ಇದ್ರೆ ಬ್ಯಾಟರಿ ಇಳಿದ ಮೇಲೆ ತಾನೇ ಕೂಗುತ್ತೆ. ವಿಮಾನದ ಒಳಗಡೆ ಫೋನ್ ನಂಬರ್ ಬರೆದಿಡಿ, ಕಬ್ಬು ಕಡಿಯುವಾಗ ಸಿಕ್ಕಿದ್ರೂ ಸಿಗಬಹುದು.

ಪ್ರೊಪ್‌ಬಿಚ್ಚಿ

ಬ್ಯಾಟರಿ ಬಗ್ಗೆ ನಾಲ್ಕು ಮಾತು. 2200 ಎಂಎಎಚ್‌ಗೆ ಚಾರ್ಜ್ 2.2 ಆಂಪ್, ಬ್ಯಾಲೆನ್ಸ್ ವೈರ್ ಹಾಕಿಯೇ. ಪೂರ್ತಿ ಅಂದ್ರೆ 12.6 ವೋಲ್ಟ್. ಟೈಮರ್ 8 ನಿಮಿಷಕ್ಕೆ ಇಡಿ. ಇಳಿಸಿದ ಮೇಲೆ ಸೆಲ್‌ಗೆ 3.7ರ ಆಸುಪಾಸು ಇದ್ರೆ ಸರಿ, 3.5ಕ್ಕೆ ಬಂದಿದ್ರೆ ಟೈಮರ್ ಕಡಿಮೆ ಮಾಡಿ. ತುಂಬಿದ ಬ್ಯಾಟರಿಯನ್ನು ವಾರಗಟ್ಟಲೆ ಇಟ್ಟರೆ ಊದಿಕೊಳ್ಳುತ್ತೆ, ಹಾರಿಸದಿದ್ರೆ ಸೆಲ್‌ಗೆ 3.8ಕ್ಕೆ ಇಳಿಸಿಡಿ. ಡ್ರೋನ್ ಕಿಟ್ಟಿನ ಹಳೇ ಬ್ಯಾಟರಿ ಅಂದ್ರಿ, ಈಗಾಗಲೇ ಊದಿದ್ರೆ ಅದನ್ನು ಚಾರ್ಜ್ ಮಾಡಲೇಬೇಡಿ. ಚಾರ್ಜ್ ಆಗೋದು ಕಣ್ಣೆದುರಿಗೆ, ಸಿಮೆಂಟ್ ನೆಲದ ಮೇಲೆ. ರಾತ್ರಿ ಹಾಕಿ ಮಲಗೋದು, ಮಧ್ಯಾಹ್ನದ ಬಿಸಿಲಲ್ಲಿ ಕಾರಲ್ಲಿ ಬಿಡೋದು ಎರಡೂ ಬೇಡ.

ಶಿಂಷಾದಂಡೆ

ನೇರ ಹೋಯ್ತು ಕಣಣ್ಣ! ತೆಂಗಿನ ಮರ ದಾಟಿ ಮೇಲೆ ಹೋಗಿ ಸುತ್ತಿಸಿದ್ದೂ ಆಯ್ತು. ಥ್ರಾಟಲ್ ಜಾಸ್ತಿ ಮಾಡಿದ್ರೆ ಮೂಗು ತುಂಬ ಮೇಲೇಳುತ್ತೆ. ಇಳಿಸುವಾಗ ಗದ್ದೆ ತಲುಪೋಕೆ ಮುಂಚೆ ಎಡಕ್ಕೆ ಕುಸಿದು ರೆಕ್ಕೆ ತುದಿ ಜಜ್ಜಿತು.

ಬದುಮೇಲೆ

ಮೂಗು ಏಳೋದಕ್ಕೆ ಮೇಲಿನ ಸ್ಕ್ರೂಗಳಿಗೆ ಇನ್ನರ್ಧ ಎಂಎಂ ವಾಷರ್ ಸೇರಿಸಿ. ಟ್ರಿಮ್ ಮಾಡೋದು 60 ಪರ್ಸೆಂಟ್ ಥ್ರಾಟಲ್‌ನಲ್ಲಿ ಸಮನಾಗಿ ಹಾರುವಾಗ. ಇಳಿದ ಮೇಲೆ ಎಲಿವೇಟರ್ ಎಲ್ಲಿ ನಿಂತಿದೆಯೋ ಅಲ್ಲೇ ಬರೋ ಹಾಗೆ ತಂತಿಯ ಉದ್ದ ಸರಿಮಾಡಿ ಟ್ರಿಮ್ಮನ್ನು ಸೊನ್ನೆಗೆ ತನ್ನಿ.

ಕುಸಿದಿದ್ದು ಎಲಿವೇಟರ್ ಎಳೆದಿದ್ದಕ್ಕೆ. ಗದ್ದೆವರೆಗೆ ಬರಲ್ಲ ಅನ್ನಿಸಿದಾಗ ಎಲ್ಲರೂ ಕಡ್ಡಿ ತಮ್ಮ ಕಡೆ ಎಳೀತಾರೆ. ಮೂಗು ಎದ್ದು ವೇಗ ಸಾಯುತ್ತೆ, ಒಂದು ರೆಕ್ಕೆ ಮೊದಲು ಸೋಲುತ್ತೆ. ದೂರ ಬೇಕಾದ್ರೆ ಥ್ರಾಟಲ್ ಕೊಡಿ, ಎಲಿವೇಟರ್ ಅಲ್ಲ. ಮೇಲೆ ಇರುವಾಗಲೇ, ತೆಂಗಿನ ಎರಡರಷ್ಟು ಎತ್ತರದಲ್ಲಿ, ಥ್ರಾಟಲ್ ಪೂರ್ತಿ ಇಳಿಸಿ ಕಡ್ಡಿ ಎಳೆದು ಬೇಕಂತಲೇ ಕುಸಿಯಲು ಬಿಡಿ. ಕಡ್ಡಿ ಬಿಟ್ಟು, ಮೂಗು ಕೆಳಗಾಗಲಿ, ವೇಗ ಬಂದ ಮೇಲೆ ಮೆಲ್ಲಗೆ ಎತ್ತಿ. ಎಷ್ಟು ಎತ್ತರ ಕಳೆದುಕೊಳ್ಳುತ್ತೆ ಅಂತ ಗೊತ್ತಾಗುತ್ತೆ, ಅಷ್ಟಕ್ಕಿಂತ ಕೆಳಗಿರುವಾಗ ಕಡಿದಾದ ತಿರುವು ಹಾಕಬೇಡಿ.

ಇಳಿಸೋಕೆ ಗಾಳಿಯ ಎದುರಿಗೆ ಮುಖಮಾಡಿ, ಗದ್ದೆಯ ಅಂಚಿಗಿಂತ 50 ಮೀ. ಹಿಂದಿನಿಂದಲೇ ಸಾಲು ಹಿಡಿಯಿರಿ. ಕೊನೆಯ ತಿರುವು ಮುಗಿದ ಮೇಲೆ ಥ್ರಾಟಲ್ ಕಾಲು ಭಾಗ, ರೆಕ್ಕೆ ಸಮ ಇಡೋದಷ್ಟೇ ಕೆಲಸ. ಸಾಲು ತಪ್ಪಿದ್ರೆ ಥ್ರಾಟಲ್ ಕೊಟ್ಟು ಇನ್ನೊಂದು ಸುತ್ತು ಬನ್ನಿ. ಅದಕ್ಕೇ ಬ್ಯಾಟರಿಯಲ್ಲಿ ಎರಡು ನಿಮಿಷದ್ದು ಉಳಿಸಿಕೊಂಡಿರಬೇಕು. ಗದ್ದೆ ಮೇಲೆ ಬಂದ ಮೇಲೆ ಥ್ರಾಟಲ್ ಸೊನ್ನೆ, ಮೊಣಕಾಲೆತ್ತರದಲ್ಲಿ ಎಲಿವೇಟರ್ ಒಂದು ಎಳೆ ಎಳೆಯಿರಿ, ಸಾಕು. ಜಜ್ಜಿದ ತುದಿಗೆ ಬಿಸಿನೀರಿನ ಆಟ ಬೇಡ, ಅದು ಇಪಿಒಗೆ. ನಿಮ್ಮದು ಕಾಗದದ ಹಾಳೆ. ಆ ಭಾಗ ಕತ್ತರಿಸಿ ಹೊಸ ತುಂಡು ಕೂರಿಸಿ, ಎರಡೂ ಕಡೆ ಕಂದು ಟೇಪ್ ಸುತ್ತಿ, ಮತ್ತೆ ಮೋಟಾರ್ ಇಲ್ಲದೆ ಒಮ್ಮೆ ಎಸೆದು ನೋಡಿ. ಈಗ ಎಡಕ್ಕೆ ಎಳೆದ್ರೆ ಆ ತುದಿಯ ತೂಕವೋ ತಿರುಚೋ ಕಾರಣ, ವಾಷರ್ ಮುಟ್ಟಬೇಡಿ.